ದಾನಿಶ್ ಸೇಠ್ ಕೆಲಸವನ್ನು ನಾವು ಇನ್ನೂ ಸರಿಯಾಗಿ ನೋಡಿಲ್ಲ

ಬೆಂಗಳೂರಿನ ಹಾಸ್ಯನಟ, ನಿರೂಪಕ ದಾನಿಶ್ ಸೇಠ್ ಬಗ್ಗೆ ಮಾತು ಬಂದಾಗಲೆಲ್ಲ ಎರಡು ಬಗೆಯ ಪ್ರತಿಕ್ರಿಯೆ ಕೇಳಿಸುತ್ತೆ. ಒಂದು, "ಓ, ಆರ್‌ಸಿಬಿ ಮಿಸ್ಟರ್ ನ್ಯಾಗ್ಸ್ ಅಲ್ವಾ? ಸಖತ್ ಕಾಮಿಡಿ." (ನ್ಯಾಗ್ಸ್ ಅಂದರೆ ಐಪಿಎಲ್ ಕ್ರಿಕೆಟ್ ತಂಡ ಆರ್‌ಸಿಬಿಯ ವಿಡಿಯೊಗಳಲ್ಲಿ ಆಟಗಾರರ ಕಾಲೆಳೆಯುವ ಅವರ ಪಾತ್ರ.) ಇನ್ನೊಂದು, "ಅದೆಲ್ಲ ಬೆಂಗಳೂರು ಇಂಗ್ಲಿಷ್ ಹುಡುಗರ ಕಾಮಿಡಿ ಬಿಡಿ, ನಮ್ಮದಲ್ಲ." ಎರಡೂ ಕೇಳಿ ನನಗೆ ಬೇಜಾರಾಗುತ್ತೆ. ಇಷ್ಟು ವರ್ಷಗಳಿಂದ ಇವರು ಮಾಡುತ್ತಿರುವ ಕೆಲಸ ಎಂಥದ್ದು ಅಂತ ಗಮನ ಇಟ್ಟು ನೋಡಿದವರು ಕಮ್ಮಿ. ಸಿನಿಮಾ ಮಾಡಿದರೆ ಪತ್ರಿಕೆಯಲ್ಲಿ ವಿಮರ್ಶೆ ಬರುತ್ತೆ, ನಾಟಕ ಆಡಿದರೆ ಯಾರಾದರೂ ಒಂದು ಟಿಪ್ಪಣಿ ಬರೀತಾರೆ. ಮೂರು ನಿಮಿಷದ ವಿಡಿಯೊ ಮಾಡಿದರೆ ಅದು ಫ್ಯಾಮಿಲಿ ಗ್ರೂಪಿಗೆ ಫಾರ್ವರ್ಡ್ ಆಗಿ ಅಲ್ಲಿಗೆ ಮುಗೀತು. ಇದು ಸರಿಯಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತೆ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ದಾನಿಶ್ ಪಳಗಿದ್ದು 'ದಿ ಇಂಪ್ರೊವ್' ಅನ್ನುವ ಆಶುನಾಟಕ ತಂಡದ ವೇದಿಕೆಯಲ್ಲಿ. ಸಾದ್ ಖಾನ್ ಕಟ್ಟಿದ ಆ ತಂಡದಿಂದಲೇ ಹಾಸ್ಯನಟಿ ಸುಮುಖಿ ಸುರೇಶ್ ಕೂಡ ಬಂದದ್ದು. ಅಲ್ಲಿ ಸ್ಕ್ರಿಪ್ಟ್ ಇರಲ್ಲ. ಪ್ರೇಕ್ಷಕರು ಒಂದು ಊರು, ಒಂದು ವೃತ್ತಿ, ಒಂದು ಸಂದರ್ಭ ಹೇಳ್ತಾರೆ, ನಟರು ನಿಂತ ನಿಲುವಿನಲ್ಲೇ ದೃಶ್ಯ ಕಟ್ಟಬೇಕು. ಆ ಆಟದಲ್ಲಿ ಉಳಿಯಬೇಕಾದರೆ ಎದುರಿಗಿರುವವನು ಏನು ಹೇಳಿದ ಅನ್ನೋದನ್ನು ಕಿವಿಗೊಟ್ಟು ಕೇಳಬೇಕು. ತನ್ನ ಮುಂದಿನ ಡೈಲಾಗ್ ಏನು ಅಂತ ಯೋಚಿಸುತ್ತಾ ನಿಂತವನು ಅಲ್ಲೇ ಸೋತ. ದಾನಿಶ್ ಆಮೇಲೆ ಮಾಡಿದ ಎಲ್ಲದರಲ್ಲೂ ಈ ಕೇಳಿಸಿಕೊಳ್ಳುವ ಗುಣ ನನಗೆ ಕಾಣುತ್ತೆ.

ಫೀವರ್ 104 ಎಫ್‌ಎಂನಲ್ಲಿ ಆರ್‌ಜೆ ಆಗಿದ್ದಾಗ ಮಾಡಿದ ಪ್ರಾಂಕ್ ಕಾಲ್‌ಗಳಿಂದ ಹೆಸರು ಬಂತು. ಪ್ರಾಂಕ್ ಕಾಲ್ ನನಗೆ ಇಷ್ಟದ ಪ್ರಕಾರವಲ್ಲ. ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿರುವ ಮನುಷ್ಯನನ್ನು ರೇಗಿಸಿ ಊರಿಗೆಲ್ಲ ಕೇಳಿಸೋದು ನೋಯಿಸುವ ಕೆಲಸ, ಅಂಥ ಎಷ್ಟೋ ಕಾಲ್‌ಗಳನ್ನು ಅರ್ಧಕ್ಕೇ ನಿಲ್ಲಿಸಿದ್ದೀನಿ. ಆದರೆ ನೋಗ್ರಾಜ್ ಅನ್ನುವ ರಾಜಕಾರಣಿಯ ಪಾತ್ರ ಹಿಡಿದು ಮಾತಾಡಿದಾಗ ನಗು ಬೇರೆ ದಿಕ್ಕಿಗೆ ತಿರುಗುತ್ತೆ. ಫೋನ್ ಎತ್ತಿದವನು ಸಹಜವಾಗಿ ಪ್ರಶ್ನೆ ಕೇಳ್ತಾನೆ, ಅಧಿಕಾರದ ಅಮಲಿನಲ್ಲಿರುವ ನೋಗ್ರಾಜ್ ಪ್ರತಿ ಉತ್ತರದಲ್ಲೂ ತನ್ನ ಮರ್ಯಾದೆ ತಾನೇ ಕಳ್ಕೋತಾನೆ. ನಗೆಪಾಟಲಾಗೋದು ಪಾತ್ರವೇ. ಆ ಪಾತ್ರಕ್ಕೆ ಜನ ಎಷ್ಟು ಒಗ್ಗಿಕೊಂಡರು ಅಂದರೆ, 2018ರ ಜನವರಿಯಲ್ಲಿ ಸಾದ್ ಖಾನ್ ನಿರ್ದೇಶನದಲ್ಲಿ 'ಹಂಬಲ್ ಪೊಲಿಟಿಷಿಯನ್ ನೋಗ್ರಾಜ್' ಸಿನಿಮಾ ಬಂತು, 2022ರಲ್ಲಿ ವೂಟ್‌ನಲ್ಲಿ ಸರಣಿಯೂ ಬಂತು. ಸರಣಿ ನನಗೆ ಸಿನಿಮಾಕ್ಕಿಂತ ಹಿಡಿಸಿತು. ಶಾಸಕರನ್ನು ರೆಸಾರ್ಟಿನಲ್ಲಿ ಕೂಡಿಹಾಕುವುದನ್ನು ನಿಜವಾಗಿಯೇ ಕಂಡಿದ್ದ ನಮಗೆ ಅಲ್ಲಿನ ಉತ್ಪ್ರೇಕ್ಷೆ ಉತ್ಪ್ರೇಕ್ಷೆ ಅಂತಲೇ ಅನ್ನಿಸಲಿಲ್ಲ.

ಸಿನಿಮಾಗಳ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. 2020ರ ಜುಲೈನಲ್ಲಿ ಪ್ರೈಮ್ ವಿಡಿಯೊದಲ್ಲಿ ಬಿಡುಗಡೆಯಾದ 'ಫ್ರೆಂಚ್ ಬಿರಿಯಾನಿ'ಯ ಆಟೊ ಡ್ರೈವರ್ ಅಸ್ಗರ್ ಇಷ್ಟವಾದ. ಶಿವಾಜಿನಗರದ ಆ ದಖನಿ ಉರ್ದು ಬೆರೆತ ಕನ್ನಡ ನಮ್ಮ ತೆರೆಯ ಮೇಲೆ ಅಷ್ಟು ಹೊತ್ತು, ಅಷ್ಟು ಪ್ರೀತಿಯಿಂದ ಕೇಳಿಸಿದ್ದು ಅಪರೂಪ. 'ಒನ್ ಕಟ್ ಟು ಕಟ್' ನನಗೆ ಎಳೆದ ಹಾಗೆ ಅನ್ನಿಸಿತು. ಎರಡನ್ನೂ ನಿರ್ಮಿಸಿದ್ದು ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಪ್ರೊಡಕ್ಷನ್ಸ್. ಹೊಸಬರ ಮೇಲೆ ಅಪ್ಪು ಇಟ್ಟಿದ್ದ ನಂಬಿಕೆ ನೆನಪಾದಾಗ ಈಗಲೂ ಗಂಟಲು ಕಟ್ಟುತ್ತೆ. ಆದರೂ ನನ್ನ ಅಭಿಪ್ರಾಯ ಇದು: ದಾನಿಶ್ ಅವರ ಅತ್ಯುತ್ತಮ ಕೆಲಸ ಸಿನಿಮಾದಲ್ಲಿಲ್ಲ. ಎರಡು ಗಂಟೆಯ ಕಥೆಗೆ ಎಳೆದಾಗ ಅವರ ಪಾತ್ರಗಳು ತೆಳುವಾಗುತ್ತವೆ. ಕೆಲವೇ ನಿಮಿಷ ಸಿಕ್ಕರೆ ಅದೇ ಪಾತ್ರಗಳಿಗೆ ಜೀವ ಬರುತ್ತೆ.

2020ರ ಲಾಕ್‌ಡೌನ್ ವಿಡಿಯೊಗಳನ್ನೇ ತಗೊಳ್ಳಿ. ಸೆಟ್ ಇಲ್ಲ, ಸಹನಟರಿಲ್ಲ. ಕೈಯಲ್ಲಿ ಒಂದು ಫೋನು, ತೆರೆ ತುಂಬ ಒಂದೇ ಮುಖ. ರಾಮಮೂರ್ತಿ ಅವರು, ಜಯಾ, ದೀದಿ, ಎಲ್ಲರೂ ಆ ಒಂದೇ ಮುಖದಿಂದ ಹುಟ್ಟಬೇಕು. ಯಾರು ಮಾತಾಡುತ್ತಿದ್ದಾರೆ ಅಂತ ಪರದೆಯ ಮೇಲೆ ಹೆಸರು ಬರೆದು ತೋರಿಸುವ ಅಗತ್ಯವೇ ಬೀಳಲ್ಲ. "ರಾಮಮೂರ್ತಿ ಅವರೇ..." ಅಂತ ಕರೆಯುವ ಧಾಟಿಯಲ್ಲೇ ಕರೆಯುವವರ ವಯಸ್ಸು, ಬಡಾವಣೆ, ಆ ಎರಡು ಮನೆಗಳ ನಡುವಿನ ಸಲಿಗೆ ಎಲ್ಲ ಗೊತ್ತಾಗಿಬಿಡುತ್ತೆ. ಒಬ್ಬರು ಮಾತು ಮುಗಿಸುವ ಮುಂಚೆಯೇ ಇನ್ನೊಬ್ಬರ ಮಾತು ಶುರು. ಆ ಕತ್ತರಿಯಲ್ಲೇ ಹಾಸ್ಯದ ಅರ್ಧ ಶಕ್ತಿ ಇರೋದು. ಮಾತಿನ ನಡುವೆ ಒಂದು ಉಸಿರಿನಷ್ಟು ಜಾಗ ಹೆಚ್ಚಾಗಿದ್ದರೂ ನಗು ಸತ್ತುಹೋಗುತ್ತಿತ್ತು. ಸರ್ಕಾರದ ನಿಯಮಗಳು ದಿನಕ್ಕೊಂದು ಥರ ಬದಲಾಗುತ್ತಿದ್ದ ಹೊತ್ತಿನಲ್ಲಿ ಜನರ ಗೊಂದಲ, ಸಿಟ್ಟು, ಭಯ ಎಲ್ಲವನ್ನೂ ಆ ಸಣ್ಣ ವಿಡಿಯೊಗಳು ಹಿಡಿದಿಟ್ಟಿವೆ. ಆ ತಿಂಗಳುಗಳಲ್ಲಿ ಬೆಂಗಳೂರಿನ ಮನೆಗಳಲ್ಲಿ ಜನ ಹೇಗೆ ಮಾತಾಡುತ್ತಿದ್ದರು ಅಂತ ಮುಂದೆ ಯಾರಾದರೂ ಹುಡುಕಿದರೆ ಅವರಿಗೆ ಈ ವಿಡಿಯೊಗಳು ಬೇಕೇ ಬೇಕಾಗುತ್ತವೆ.

"ಅದು ಕನ್ನಡವಲ್ಲ, ಕಂಗ್ಲಿಷ್" ಅನ್ನುವವರಿಗೆ ಟಿ.ಪಿ. ಕೈಲಾಸಂ ನೆನಪು ಮಾಡಿಕೊಡಬೇಕು. 1884ರಲ್ಲಿ ಹುಟ್ಟಿ, ಲಂಡನ್‌ನಲ್ಲಿ ಭೂವಿಜ್ಞಾನ ಓದಿ ಬಂದವರು ಅವರು. ಇಲ್ಲಿನ ಮಧ್ಯಮ ವರ್ಗ ಮನೆಯೊಳಗೆ ಆಡುತ್ತಿದ್ದ ಇಂಗ್ಲಿಷ್ ಬೆರೆತ ಕನ್ನಡವನ್ನು ಹಾಗೆ ಹಾಗೇ ರಂಗಕ್ಕೆ ತಂದರು. ಎಲ್ಲ ಪಾತ್ರಗಳ ಮಾತನ್ನೂ ತಾವೊಬ್ಬರೇ ಆಡಿ ತೋರಿಸುತ್ತಿದ್ದರಂತೆ. ಇಂದು ನಾವು ಅವರನ್ನು ಪ್ರಹಸನ ಪಿತಾಮಹ ಅಂತ ಗೌರವದಿಂದ ಕರೀತೀವಿ, ಮಕ್ಕಳಿಗೆ ಪಾಠ ಮಾಡ್ತೀವಿ. ದಾನಿಶ್ ಅವರನ್ನು ಕೈಲಾಸಂ ಪಕ್ಕದಲ್ಲಿ ಕೂರಿಸುತ್ತಿಲ್ಲ, ಆ ಮಾತಿಗೆ ಕಾಲ ಇನ್ನೂ ಬಂದಿಲ್ಲ. ಆದರೆ ಬೀದಿಯಲ್ಲಿ ಜನ ನಿಜವಾಗಿ ಆಡುವ ಮಾತನ್ನು ಹಾಸ್ಯಕ್ಕೆ ತಂದದ್ದೇ ತಪ್ಪು ಅನ್ನೋದಾದರೆ ಕೈಲಾಸಂ ಅವರನ್ನೂ ಪಟ್ಟಿಯಿಂದ ತೆಗೆಯಬೇಕಾಗುತ್ತೆ.

ಇನ್ನು ಮಿಸ್ಟರ್ ನ್ಯಾಗ್ಸ್. ನನ್ನ ಮಟ್ಟಿಗೆ ಅವರ ಬದುಕಿನ ದೊಡ್ಡ ಕೆಲಸ ಇದೇ.

ಕ್ರಿಕೆಟಿಗರ ಸಂದರ್ಶನ ಅಂದರೆ ನಮಗೆಲ್ಲ ಗೊತ್ತು. "ಹುಡುಗರು ಚೆನ್ನಾಗಿ ಆಡಿದರು, ಮುಂದಿನ ಪಂದ್ಯದ ಮೇಲೆ ಗಮನ." ಆ ಗೋಡೆ ಒಡೆಯೋದು ನುರಿತ ಪತ್ರಕರ್ತರಿಗೂ ಕಷ್ಟ. ನ್ಯಾಗ್ಸ್ ಯಕ್ಷಗಾನದ ಹಾಸ್ಯಗಾರನ ಹಾಗೆ ಒಳಗೆ ಬಂದ. ರಾಜನ ಒಡ್ಡೋಲಗದಲ್ಲಿ ಎಲ್ಲರೂ ಗಂಭೀರವಾಗಿರುವಾಗ, ಆಡುಮಾತಿನಲ್ಲಿ ಕೇಳಬಾರದ ಪ್ರಶ್ನೆ ಕೇಳಿ, ಏಟಿನಿಂದ ತಪ್ಪಿಸಿಕೊಳ್ಳುವ ಅಧಿಕಾರ ಹಾಸ್ಯಗಾರನಿಗೆ ಮಾತ್ರ ಇದೆ. ವಿರಾಟ್ ಕೊಹ್ಲಿ, ಎಬಿ ಡಿವಿಲಿಯರ್ಸ್, ಕ್ರಿಸ್ ಗೇಲ್ ಇವರೆಲ್ಲ ನ್ಯಾಗ್ಸ್ ಮುಂದೆ ಮೊದಲು ಕಕ್ಕಾಬಿಕ್ಕಿಯಾಗಿ, ಆಮೇಲೆ ನಕ್ಕು, ಆಮೇಲೆ ತಾವೇ ತಿರುಗಿ ಕಾಲೆಳೆಯೋದಕ್ಕೆ ಶುರು ಮಾಡುತ್ತಿದ್ದರು. ಆ ಮೂರನೇ ಹಂತಕ್ಕೆ ಬಂದಾಗ ಆಟಗಾರ ಬ್ಯಾನರ್ ಮೇಲಿನ ಚಿತ್ರವಾಗಿ ಉಳಿಯಲ್ಲ, ಮನುಷ್ಯನಾಗಿ ಕಾಣಿಸ್ತಾನೆ.

ಇದನ್ನು ಎಂಥ ತಂಡದ ಜೊತೆ ಮಾಡಿದರು ಅನ್ನೋದನ್ನೂ ಮರೀಬಾರದು. 2009, 2011, 2016, ಮೂರು ಫೈನಲ್ ಸೋತ ತಂಡ. 2016ರಲ್ಲಂತೂ ಕೊಹ್ಲಿ ಒಬ್ಬರೇ 973 ರನ್ ಹೊಡೆದ ಸೀಸನ್, ಫೈನಲ್ ನಮ್ಮದೇ ಚಿನ್ನಸ್ವಾಮಿಯಲ್ಲಿ, ಸೋತದ್ದು 8 ರನ್ನಿನಿಂದ. ಮುಂದಿನ ವರ್ಷ ಈಡನ್ ಗಾರ್ಡನ್ಸ್‌ನಲ್ಲಿ 49ಕ್ಕೆ ಆಲೌಟ್. ದೇಶವೆಲ್ಲ ಮೀಮ್ ಮಾಡಿ ನಗುತ್ತಿದ್ದ ತಂಡದ ಒಳಗೇ ನಿಂತು, ಆ ಗಾಯದ ಮೇಲೆ ಕೈಯಾಡಿಸುತ್ತಲೇ ನಗಿಸೋದು ಸುಲಭವಲ್ಲ. ಕಪ್ ವಿಷಯಕ್ಕೆ ಹೊರಗಿನವರು ಅಣಕಿಸಿದಾಗ ಉರಿಯುತ್ತಿತ್ತು, ನ್ಯಾಗ್ಸ್ ಅಣಕಿಸಿದಾಗ ಮನೆಯವರೇ ಕಾಲೆಳೆದ ಹಾಗಿತ್ತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಕೊನೆಗೂ ಕಪ್ ಎತ್ತಿದಾಗ ನನಗೆ ಆಟಗಾರರ ಜೊತೆಗೇ ನ್ಯಾಗ್ಸ್ ಕೂಡ ನೆನಪಾದದ್ದು ಅದಕ್ಕೇ.

ಆ ಕಪ್ ಬರುವ ಮುಂಚೆಯೇ, ನ್ಯಾಗ್ಸ್ ವೇಷ ಕಳಚಿ ಅವರು ಆರ್‌ಸಿಬಿ ಪಾಡ್‌ಕಾಸ್ಟ್‌ನಲ್ಲಿ ನಿರೂಪಕರಾಗಿ ಕೂತಿದ್ದರು. ತಾನು ಸೋತ ನಾಯಕ ಅನ್ನಿಸಿಕೊಂಡದ್ದರ ಬಗ್ಗೆ ಕೊಹ್ಲಿ ಅಲ್ಲಿ ಮಾತಾಡಿದರು. ಅಂಥ ಮಾತು ಯಾರ ಮುಂದೆಯೋ ಹಾಗೆ ಬರಲ್ಲ. ವರ್ಷಗಟ್ಟಲೆ ನ್ಯಾಗ್ಸ್ ಆಗಿ ಬೈಸಿಕೊಂಡು ಗಳಿಸಿದ ನಂಬಿಕೆ ಅದು. ದಾನಿಶ್ ಅಲ್ಲಿ ಜೋಕ್ ಹೊಡೆಯಬಹುದಾಗಿದ್ದ ಜಾಗಗಳಲ್ಲಿ ಸುಮ್ಮನಿದ್ದು ಮಾತು ಮುಂದುವರಿಯಲು ಬಿಡ್ತಾರೆ. ಹಾಸ್ಯನಟನೊಬ್ಬ ನಗುವನ್ನು ಬಿಟ್ಟುಕೊಡೋದು ಎಷ್ಟು ಕಷ್ಟ ಅಂತ ವೇದಿಕೆ ಹತ್ತಿದವರನ್ನು ಕೇಳಿ ನೋಡಿ.

ಒಂದು ತಕರಾರಂತೂ ಇದೆ. ತಂಡದ ಚಾನೆಲ್‌ನಲ್ಲಿ ಕೂತವನು ತಂಡದ ಬಗ್ಗೆ ಎಲ್ಲವನ್ನೂ ಕೇಳೋಕಾಗಲ್ಲ. ಟಿಕೆಟ್ ದರ, ಹರಾಜಿನ ಎಡವಟ್ಟು, ಕೈಬಿಟ್ಟ ಆಟಗಾರರ ನೋವು, ಇವಕ್ಕೆಲ್ಲ ಅಲ್ಲಿ ಜಾಗ ಕಮ್ಮಿ. ಜಾಹೀರಾತಿನ ವಿಡಿಯೊಗಳಲ್ಲೂ ಅದೇ ಮಿತಿ. ದುಡ್ಡು ಕೊಟ್ಟವರ ವಸ್ತುವನ್ನು ಹೊಗಳಲೇಬೇಕು, ನಗು ಅಲ್ಲಿ ಅಲಂಕಾರವಾಗುತ್ತೆ. ಆನ್‌ಲೈನ್ ಹಾಸ್ಯದ ಬಹುತೇಕ ಆದಾಯ ಬರೋದೇ ಅಲ್ಲಿಂದ ಅನ್ನೋದು ಗೊತ್ತು, ಹಾಗಾಗಿ ಇದು ದೂರಲ್ಲ. ಆದರೆ ಕೇಳಿಸಿಕೊಳ್ಳೋಕೆ ಇಷ್ಟು ಚೆನ್ನಾಗಿ ಬರುವ ಒಬ್ಬ ನಿರೂಪಕ ಕ್ರಿಕೆಟ್ ತಂಡದ ಅಂಗಳದಲ್ಲೇ ಉಳಿದುಬಿಡಬಾರದು ಅನ್ನೋದು ನನ್ನ ಆಸೆ.

ನನಗೆ ಬೇಕಿರೋದು ಇಷ್ಟು. ಕನ್ನಡದಲ್ಲಿ ಅವರದೇ ಒಂದು ಮಾತುಕತೆಯ ಕಾರ್ಯಕ್ರಮ. ಕಂಪನಿ ನಾಟಕದ ಹಿರಿಯ ಹಾಸ್ಯ ಕಲಾವಿದೆಯೊಬ್ಬರು ಬರಲಿ, ಮೇಳದಲ್ಲಿ ಬಣ್ಣ ಹಚ್ಚಿದ ಹಾಸ್ಯಗಾರರು ಬರಲಿ, ಗಂಗಾವತಿ ಪ್ರಾಣೇಶ್, ಮಿಮಿಕ್ರಿ ದಯಾನಂದ್ ಥರದವರು ಬರಲಿ, ಬಿಎಂಟಿಸಿ ಕಂಡಕ್ಟರ್ ಬರಲಿ. ಹುಬ್ಬಳ್ಳಿ, ಮಂಗಳೂರು, ಕಲಬುರಗಿಯ ಕನ್ನಡವೂ ಅವರ ಕಿವಿಗೆ ಬೀಳಲಿ. ಒಂದೊಂದು ಕಂತು ಒಂದು ಗಂಟೆ ಇದ್ದರೂ ಪರವಾಗಿಲ್ಲ, ಕತ್ತರಿಸದೆ ಹಾಕಲಿ. ನ್ಯಾಗ್ಸ್ ಬೇಕಾದರೆ ಮಧ್ಯೆ ಒಮ್ಮೆ ಬಾಗಿಲು ತೆಗೆದು ಒಳಗೆ ಬರಲಿ. ನಿಮ್ಮಲ್ಲಿ ಯಾರಿಗಾದರೂ ಅವರ ಪರಿಚಯ ಇದ್ದರೆ ದಯವಿಟ್ಟು ಇದನ್ನು ತಲುಪಿಸಿ.