ಝಡ್ ಡ್ರೈವ್ ಎಂಬ ದಂಬೆ

ಮೊನ್ನೆ ಶನಿವಾರ ಅಂಗಡಿಯ ಶಟರು ಎಳೆಯುವ ಹೊತ್ತಿಗೆ ನಮ್ಮೂರಿನ ಹಿರಿಯರೊಬ್ಬರು ಬಂದರು. ನಿವೃತ್ತ ಕನ್ನಡ ಅಧ್ಯಾಪಕರು, ಊರಿಗೆಲ್ಲ ಮಾಷ್ಟ್ರು. ಅಂಗಿಯ ಜೇಬಿನಿಂದ ಪೆನ್‌ಡ್ರೈವ್ ತೆಗೆದು ನನ್ನ ಮೇಜಿನ ಮೇಲಿಟ್ಟು, "ನಮ್ಮ ಗ್ರಂಥಾಲಯದ ನಲುವತ್ತು ವರ್ಷಗಳ ವರದಿ, ಫೋಟೋ ಎಲ್ಲ ಇದರಲ್ಲಿವೆ. ಕ್ಲೌಡಿಗೆ ಹಾಕಿಬಿಡಿ, ಮತ್ತೆ ಚಿಂತೆಯಿಲ್ಲ" ಎಂದರು.

ಆ "ಮತ್ತೆ ಚಿಂತೆಯಿಲ್ಲ" ಎಂಬ ಮಾತು ಎರಡು ದಿನ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಒಂದು ಕಾಲದಲ್ಲಿ ನಾನೂ ಹಾಗೆಯೇ ಹೇಳಿದ್ದವನು. ಅದರ ಬೆಲೆ ಎಷ್ಟೆಂದು ಇಲ್ಲಿ ಬರೆದಿಡುತ್ತೇನೆ. ಬರಹ ಉದ್ದವಾಗುತ್ತದೆ, ಬಿಡುವಿದ್ದವರು ಓದಿ.

ನನ್ನದು ಕಾಸರಗೋಡು ಜಿಲ್ಲೆಯ ನೀರ್ಚಾಲು ಬದಿಯ ಒಂದು ಸಣ್ಣ ಡಿಟಿಪಿ ಅಂಗಡಿ. ಮದುವೆಯ ಆಮಂತ್ರಣ, ಬ್ರಹ್ಮಕಲಶದ ಕರಪತ್ರ, ಯಕ್ಷಗಾನದ ನೋಟೀಸು, ಇಷ್ಟೇ ವ್ಯಾಪಾರ. ನನ್ನ ಆಸ್ತಿ ಎಂದರೆ ಅಪ್ಪ ಬಿಟ್ಟುಹೋದ 380 ಕ್ಯಾಸೆಟ್‌ಗಳು. ಮಳೆಗಾಲದಲ್ಲಿ ತಾಳಮದ್ದಳೆ ಎಲ್ಲಿದ್ದರೂ ಅಪ್ಪ ಟೇಪ್ ರೆಕಾರ್ಡರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಹೋಗುತ್ತಿದ್ದರು. ನಮ್ಮ ಜಿಲ್ಲೆಯ ತೇವಕ್ಕೆ ಟೇಪುಗಳು ಬೂಸ್ಟು ಹಿಡಿಯತೊಡಗಿದಾಗ, ಎರಡು ಮಳೆಗಾಲ ಕೂತು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದೆ. ಸಿಡಿ ಗುಣಮಟ್ಟದಲ್ಲಿ ಇಳಿಸಿದರೆ ಒಂದು ನಿಮಿಷಕ್ಕೆ ಹತ್ತು ಎಂಬಿಗಿಂತ ಸ್ವಲ್ಪ ಹೆಚ್ಚು. ಸಿ-90 ಕ್ಯಾಸೆಟ್ಟಿನ ಒಂದು ಬದಿ, ಅಂದರೆ 45 ನಿಮಿಷ, ಹತ್ತಿರಹತ್ತಿರ 475 ಎಂಬಿ. ಒಟ್ಟು 350 ಜಿಬಿ ಆಯಿತು. ಗೂಗಲ್ ಎಲ್ಲರಿಗೂ ಪುಕ್ಕಟೆ ಕೊಡುವುದು 15 ಜಿಬಿ, ಅದರಲ್ಲೇ ಮಿಂಚಂಚೆಯೂ ಫೋಟೋಗಳೂ ಸೇರಬೇಕು. ಸಾಲುವ ಮಾತೇ ಇಲ್ಲ.

ಬೆಂಗಳೂರಿನಲ್ಲಿರುವ ಅಳಿಯ, ತಂಗಿಯ ಮಗ, ವಿದೇಶದ ಒಂದು ಸಂಸ್ಥೆಯಲ್ಲಿ ಒಂದು ಟಿಬಿ, ಅಂದರೆ ಸಾವಿರ ಜಿಬಿ, ಜಾಗ ಬಾಡಿಗೆಗೆ ಹಿಡಿದುಕೊಟ್ಟ. "ಮಾವ, ಇದು ಬರಿಯ ಗೋದಾಮು. ಬಾಗಿಲು ಮಾತ್ರ ಎರಡು ಮೂರು ಇವೆ. ನಿಮಗೆ ಯಾವುದು ಅನುಕೂಲವೋ ಅದರಲ್ಲಿ ಹೋಗಿ" ಎಂದ.

ಮೊದಲು ಹೋದದ್ದು ವೆಬ್‌ಡಾವ್ ಎಂಬ ಬಾಗಿಲಿನಿಂದ. ಅದು 1999ರಲ್ಲಿ ರೂಪುಗೊಂಡ ನಿಯಮ. ಬ್ರೌಸರು ಪುಟಗಳನ್ನು ತರಿಸಿಕೊಳ್ಳುವ ದಾರಿಯಲ್ಲಿಯೇ ಫೈಲು ಇಡುವುದು, ತೆಗೆಯುವುದು, ಫೋಲ್ಡರು ಮಾಡುವುದು ಎಲ್ಲವೂ ಸಾಧ್ಯವಾಗಲಿ ಎಂದು ಮಾಡಿದ್ದು. ನೆಕ್ಸ್ಟ್‌ಕ್ಲೌಡ್‌ನಂಥ ಕಡತ ಸಂಗ್ರಹದ ತಂತ್ರಾಂಶಗಳು ಇಂದಿಗೂ ಅದೇ ಭಾಷೆ ಆಡುತ್ತವೆ. ವಿಂಡೋಸಿನಲ್ಲಿ ವಿಳಾಸ ಕೊಟ್ಟು ಒಂದು ಅಕ್ಷರ ಆರಿಸಿದರೆ ಸಾಕು, ಸಿ, ಡಿ ಡ್ರೈವುಗಳ ಸಾಲಿನಲ್ಲಿ ಝಡ್ ಎಂದು ಬಂದು ಕೂರುತ್ತದೆ. ನನಗಾದ ಸಂಭ್ರಮ ಹೇಳತೀರದು. ಆಮಂತ್ರಣ ಪತ್ರಿಕೆಯ ಫೈಲುಗಳೆಲ್ಲ ಸರಾಗವಾಗಿ ಹೋದವು. ಕ್ಯಾಸೆಟ್ಟಿನ ಸರದಿ ಬಂದಾಗ ಮಾತ್ರ, ಫೈಲಿನ ಗಾತ್ರ ಮಿತಿಯನ್ನು ಮೀರಿದೆ ಎಂಬ ಸಂದೇಶ. ಒಂದು ಟಿಬಿ ಖಾಲಿ ಇರುವಾಗ 475 ಎಂಬಿ ಹೇಗೆ ಮಿತಿ ಮೀರುತ್ತದೆ? ಮೂರು ರಾತ್ರಿ ಆ ಗೋದಾಮಿನವರನ್ನು ಮನಸ್ಸಿನಲ್ಲೇ ಬಯ್ದೆ. ಅವರ ತಪ್ಪು ಎಳ್ಳಷ್ಟೂ ಇರಲಿಲ್ಲ. ವಿಂಡೋಸಿನ ವೆಬ್‌ಡಾವ್ ಕೊಂಡಿಗೆ 5,00,00,000 ಬೈಟುಗಳ ಮಿತಿಯನ್ನು ಮೊದಲೇ ಇಟ್ಟಿರುತ್ತಾರೆ, ಅಂದರೆ ಬರಿಯ 50 ಎಂಬಿ. ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಒಂದು ಅಂಕಿ ಬದಲಿಸಿದರೆ ಅದು 4 ಜಿಬಿಯವರೆಗೆ ಏರುತ್ತದೆ, ಅದರಾಚೆಗೆ ಇಲ್ಲ. ಎಲ್ಲವೂ ದಾಖಲೆಯಲ್ಲಿದೆ, ಓದದವನು ನಾನು. ಅದೂ ಅಲ್ಲದೆ ಆ ಕೊಂಡಿಯನ್ನು ಇನ್ನು ಬೆಳೆಸುವುದಿಲ್ಲ ಎಂದು ಮೈಕ್ರೋಸಾಫ್ಟ್ 2023ರಲ್ಲಿಯೇ ಹೇಳಿದೆ. ಹಾಗಾಗಿ ಇಂದು ಹೊಸದಾಗಿ ಶುರುಮಾಡುವವರಿಗೆ ಆ ದಾರಿ ಬೇಡ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಬಾಗಿಲು ಎಸ್‌ಎಫ್‌ಟಿಪಿ, ಫೈಲು ಸಾಗಿಸುವ ಇನ್ನೊಂದು ನಿಯಮ. ಹಳೆಯ ಎಫ್‌ಟಿಪಿಗೂ ಇದಕ್ಕೂ ಹೆಸರಿನ ಹೋಲಿಕೆಯಷ್ಟೇ. ಹಳೆಯದು ಪಾಸ್‌ವರ್ಡನ್ನು ಬಯಲಲ್ಲಿ ಹೊತ್ತುಕೊಂಡು ಹೋಗುತ್ತದೆ, ಇದು ಎಸ್‌ಎಸ್‌ಎಚ್ ಎಂಬ ಮುಚ್ಚಿದ ಕೊಳವೆಯೊಳಗೆ ನಡೆಯುತ್ತದೆ. ಜೊತೆಗೆ ಆರ್‌ಕ್ಲೋನ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡೆ. ಎಪ್ಪತ್ತಕ್ಕೂ ಹೆಚ್ಚು ಬಗೆಯ ಗೋದಾಮುಗಳ ಭಾಷೆ ಅದಕ್ಕೆ ಗೊತ್ತು. ವಿಂಡೋಸಿನಲ್ಲಿ ವಿನ್‌ಎಫ್‌ಎಸ್‌ಪಿ ಎಂಬ ಇನ್ನೊಂದನ್ನು ಸೇರಿಸಿದರೆ ಯಾವುದನ್ನೂ ಡ್ರೈವಿನಂತೆ ತೋರಿಸುತ್ತದೆ. ಝಡ್ ಮತ್ತೆ ಬಂತು, ಈ ಬಾರಿ ಕ್ಯಾಸೆಟ್‌ಗಳೂ ಹೋದವು. ಸೆಕೆಂಡಿಗೆ 20 ಮೆಗಾಬಿಟ್ ಏರುವ ಸಂಪರ್ಕದಲ್ಲಿ 350 ಜಿಬಿಗೆ ಲೆಕ್ಕದ ಪ್ರಕಾರ 39 ಗಂಟೆ ಸಾಕು. ಕರೆಂಟು ಹೋಗಿ, ಸಿಡಿಲಿಗೆ ಹೆದರಿ ನಾನೇ ತಂತಿ ಕಿತ್ತು, ಮೋಡೆಮ್ ಒಮ್ಮೆ ಸುಟ್ಟು, ನನಗೆ ಹಿಡಿದದ್ದು ಹದಿನೇಳು ದಿನ.

ಇನ್ನು ಸುರಂಗದ ಮಾತು. ಬೇರೆ ಊರಿನವರಿಗಾಗಿ ಹೇಳುತ್ತೇನೆ. ನಮ್ಮ ಕಡೆ ಮುರಕಲ್ಲಿನ ಗುಡ್ಡದ ಹೊಟ್ಟೆಗೆ ಅಡ್ಡಡ್ಡವಾಗಿ, ಒಬ್ಬ ಮನುಷ್ಯ ನಡೆದುಹೋಗುವಷ್ಟು ಎತ್ತರಕ್ಕೆ ಕೊರೆಯುತ್ತಾರೆ. ಒಳಗೆ ಜಿನುಗಿದ ನೀರು ತಾನೇ ಹೊರಗೆ ಬರುತ್ತದೆ. ಅದನ್ನು ಮನೆಯಂಗಳಕ್ಕೆ ತರುವುದು ದಂಬೆ, ಅಡಿಕೆ ಮರವನ್ನು ಸೀಳಿ ಒಳಗಿನ ತಿರುಳು ತೆಗೆದು ಮಾಡಿದ ಕಾಲುವೆ. ಮನೆಗೆ ಬಂದ ನೆಂಟರು ಅಂಗಳದಲ್ಲಿ ಸುರಿಯುವ ನೀರನ್ನು ಕಂಡು, "ನಿಮಗೆ ನೀರಿನ ಚಿಂತೆಯೇ ಇಲ್ಲ" ಎನ್ನುತ್ತಾರೆ. ನೀರಿರುವುದು ಗುಡ್ಡದಲ್ಲಿ. ಅಂಗಳದಲ್ಲಿರುವುದು ಟೊಳ್ಳು ಮರ.

ಝಡ್ ಡ್ರೈವ್ ಎಂದರೆ ಆ ದಂಬೆ. ಕಣ್ಣಿಗೆ ಡಿಸ್ಕಿನಂತೆ ಕಾಣುತ್ತದೆ, ಆದರೆ ಅದರಲ್ಲಿ ಏನೂ ಇಲ್ಲ. ಇದರಲ್ಲಿ ಇನ್ನೊಂದು ಕಪಟವೂ ಇದೆ. ಆರ್‌ಕ್ಲೋನಿನಲ್ಲಿ ಬರೆಯುವ ಸಂಗ್ರಹವನ್ನು ಚಾಲೂ ಮಾಡಿಕೊಂಡಿದ್ದರೆ, ನೀವು ಎಳೆದು ಬಿಟ್ಟ ಫೈಲು ಮೊದಲು ನಿಮ್ಮದೇ ಕಂಪ್ಯೂಟರಿನ ಒಂದು ಮೂಲೆಯಲ್ಲಿ ಕೂತು, ಆಮೇಲೆ ನಿಧಾನವಾಗಿ ಮೇಲೆ ಹೋಗುತ್ತದೆ. ಪರದೆಯಲ್ಲಿ ಹಸಿರು ಪಟ್ಟಿ ತುಂಬಿ ಮುಗಿದಿರುತ್ತದೆ, ನೀವು ಕಂಪ್ಯೂಟರು ಆರಿಸಿ ಊಟಕ್ಕೆ ಹೋಗುತ್ತೀರಿ. ಅಲ್ಲಿಗೆ ಇನ್ನೂ ಏನೂ ತಲುಪಿರುವುದಿಲ್ಲ. ಆದ್ದರಿಂದ ಬ್ಯಾಕಪ್ ತಂತ್ರಾಂಶಕ್ಕೆ ಝಡ್ ಡ್ರೈವನ್ನು ತೋರಿಸಬೇಡಿ. ಅದಕ್ಕೆ ಎಸ್‌ಎಫ್‌ಟಿಪಿ ವಿಳಾಸವನ್ನೇ ಕೊಡಿ. ಹೋಯಿತೋ ಇಲ್ಲವೋ ಎಂದು ಅದೇ ನೇರವಾಗಿ ಕೇಳಿ ತಿಳಿಯಲಿ. ಹಾಗೆ ಮಾಡಿದರೆ ಇನ್ನೊಂದು ಲಾಭವೂ ಇದೆ. ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ವೈರಸ್ಸುಗಳಿಗೆ ಡಿ ಡ್ರೈವೂ ಒಂದೇ, ಝಡ್ ಡ್ರೈವೂ ಒಂದೇ. ಅಂಥದ್ದು ಬಂದ ದಿನ ಅದರ ಕಣ್ಣಿಗೆ ಝಡ್ ಬೀಳದಿದ್ದರೆ ಒಳ್ಳೆಯದು.

ಆದರೆ ನಾನು ಮುಳುಗಿದ್ದು ದಂಬೆಯಿಂದಲ್ಲ. ಸಿಂಕ್‌ನಿಂದ.

ಪ್ರತಿ ರಾತ್ರಿ ಹನ್ನೊಂದಕ್ಕೆ ಡಿ ಡ್ರೈವಿನ ಕ್ಯಾಸೆಟ್ ಫೋಲ್ಡರನ್ನು ಗೋದಾಮಿನ ಜೊತೆ ಸಿಂಕ್ ಮಾಡುವಂತೆ ಇಟ್ಟಿದ್ದೆ, ಅದನ್ನೇ ಬ್ಯಾಕಪ್ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಒಂದು ದಿನ ಡಿ ಡ್ರೈವ್ ತುಂಬಿತು. ಕೈಯಲ್ಲಿ ಎರಡು ಮದುವೆಯ ಕೆಲಸ. ಹೇಗೂ ಮೇಲಿದೆಯಲ್ಲ ಎಂದು ಇನ್ನೂರು ಕ್ಯಾಸೆಟ್‌ಗಳ ಫೋಲ್ಡರುಗಳನ್ನು ಇಲ್ಲಿ ಅಳಿಸಿದೆ. ರಾತ್ರಿ ಹನ್ನೊಂದಕ್ಕೆ ಸಿಂಕ್ ಎದ್ದು ತನ್ನ ಕೆಲಸವನ್ನು ತಾನು ಮಾಡಿತು. ಆರ್‌ಕ್ಲೋನಿನಲ್ಲಿ ಕಾಪಿ ಎಂದರೆ ಇಲ್ಲಿಯದನ್ನು ಅಲ್ಲಿಗೆ ಸೇರಿಸುವುದು. ಸಿಂಕ್ ಎಂದರೆ ಅಲ್ಲಿಯದನ್ನು ಇಲ್ಲಿಯಂತೆಯೇ ಮಾಡುವುದು. ಇಲ್ಲಿ ಇಲ್ಲದ್ದು ಅಲ್ಲಿ ಇರಕೂಡದು. ನಿಜವಾಗಿ ಅಳಿಸುವ ಮೊದಲು ಏನೇನು ಅಳಿಯುತ್ತದೆ ಎಂದು ಸುಮ್ಮನೆ ತೋರಿಸುವ ಸೌಲಭ್ಯವೂ ಅದರಲ್ಲಿದೆ. ನಾನು ಅದನ್ನು ಒಮ್ಮೆಯೂ ಬಳಸಿರಲಿಲ್ಲ. ಗೋದಾಮಿನಲ್ಲಿ ಹಳೆಯ ಸ್ಥಿತಿಯನ್ನು ಉಳಿಸಿಡುವ ಸ್ನ್ಯಾಪ್‌ಶಾಟ್ ಇತ್ತು. ಅದನ್ನೂ ಚಾಲೂ ಮಾಡಿರಲಿಲ್ಲ.

ಬೆಳಿಗ್ಗೆ ಅಳಿಯನಿಗೆ ಫೋನು ಮಾಡಿದೆ. ಎಲ್ಲವನ್ನೂ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾವ, ಕ್ಯಾಸೆಟ್‌ಗಳನ್ನು ಬಿಸಾಡಲಿಲ್ಲವಷ್ಟೆ?" ಎಂದು ಮಾತ್ರ ಕೇಳಿದ. ಬಿಸಾಡಿರಲಿಲ್ಲ, ಪುಣ್ಯಕ್ಕೆ. ಅಟ್ಟದಿಂದ ಇಳಿಸಿ ಮತ್ತೊಂದು ಮಳೆಗಾಲ ಕೂತೆ. ಆದರೆ ಹನ್ನೊಂದು ಕ್ಯಾಸೆಟ್‌ಗಳ ಟೇಪು ಮೊದಲ ಸಲ ಇಳಿಸುವಾಗಲೇ ತುಂಡಾಗಿ, ಅಂಟಿಕೊಂಡು, ಹಾಳಾಗಿತ್ತು. ಅವುಗಳಲ್ಲಿ ಒಂಬತ್ತು ಹಿಂದಕ್ಕೆ ಬಂದದ್ದು ಯಾವ ತಂತ್ರಾಂಶದಿಂದಲೂ ಅಲ್ಲ. ಪೆರ್ಲದ ಕಡೆಯ ಒಬ್ಬ ತಾಳಮದ್ದಳೆಯ ಹುಚ್ಚರು ಎರಡು ವರ್ಷಗಳ ಹಿಂದೆ ನನ್ನಿಂದ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋಗಿದ್ದರು. ಕೊಡುವಾಗ, ಎಲ್ಲರೂ ಪುಕ್ಕಟೆ ಕೇಳುತ್ತಾರೆ ಎಂದು ಗೊಣಗಿದ್ದೆ.

ಈಗ ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶವನ್ನು ಬಳಸುತ್ತೇನೆ. ಡುಪ್ಲಿಕಾಟಿ ಎಂಬುದೂ ಇದೆ, ಕಪ್ಪು ಪರದೆಯಲ್ಲಿ ಆಜ್ಞೆ ಬರೆಯಲು ಹೆದರುವವರಿಗೆ ಅದೇ ಹಿತ. ರೆಸ್ಟಿಕ್ ಮಾಡುವುದು ಸಿಂಕ್ ಅಲ್ಲ, ಕಿರ್ದಿ ಬರೆಯುವ ಕೆಲಸ. ಇಂದು ಏನಿತ್ತು, ನಿನ್ನೆ ಏನಿತ್ತು ಎಂದು ದಿನದ ಪುಟ ದಿನಕ್ಕೆ. ಇಂದು ನಾನು ಅಳಿಸಿದರೆ ಇಂದಿನ ಪುಟದಲ್ಲಿ ಅದು ಇರುವುದಿಲ್ಲ, ನಿನ್ನೆಯ ಪುಟದಲ್ಲಿ ಇರುತ್ತದೆ. ಹಾಗೆಂದು ದಿನಕ್ಕೆ 350 ಜಿಬಿ ಹೋಗುವುದಿಲ್ಲ. ಫೈಲನ್ನು ಸರಾಸರಿ ಒಂದು ಎಂಬಿಯ ತುಂಡುಗಳಾಗಿ ಕತ್ತರಿಸಿ, ಅಲ್ಲಿ ಈಗಾಗಲೇ ಇರುವ ತುಂಡನ್ನು ಮತ್ತೆ ಕಳುಹಿಸುವುದಿಲ್ಲ. ಫೋಲ್ಡರಿನ ಹೆಸರು ಬದಲಿಸಿದರೂ ಒಳಗಿನದು ಅದೇ ಎಂದು ಅದಕ್ಕೆ ತಿಳಿಯುತ್ತದೆ. ಏಳು ದಿನ, ನಾಲ್ಕು ವಾರ, ಹನ್ನೆರಡು ತಿಂಗಳ ಪುಟಗಳನ್ನು ಇಟ್ಟುಕೊಂಡಿದ್ದೇನೆ. ಎಲ್ಲವೂ ಇಲ್ಲಿಂದ ಹೊರಡುವ ಮೊದಲೇ ಗೂಢಲಿಪಿಯಾಗುತ್ತದೆ, ಗೋದಾಮಿನವನಿಗೆ ಏನೂ ಓದಲಾಗದು. ಪಾಸ್‌ವರ್ಡ್ ಕಳೆದರೆ ನನಗೂ ಓದಲಾಗದು. ಅದನ್ನು ಶಾಯಿಯಲ್ಲಿ ಬರೆದು ಒಂದು ಪ್ರತಿ ಅಪ್ಪನ ಪೆಟ್ಟಿಗೆಯಲ್ಲಿ, ಇನ್ನೊಂದು ಪುತ್ತೂರಿನಲ್ಲಿ ತಂಗಿಯ ಮನೆಯಲ್ಲಿ ಇಟ್ಟಿದ್ದೇನೆ. ಮನೆಯ ಕಪಾಟಿನಲ್ಲಿ ಒಂದು ಹೊರಗಿನ ಹಾರ್ಡ್ ಡಿಸ್ಕೂ ಇದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯಿಂದ ದೂರ ಎಂಬ ಲೆಕ್ಕವನ್ನು ಬಳಕೆಗೆ ತಂದವರು ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕರು. ಕಂಪ್ಯೂಟರ್ ಪಂಡಿತರಲ್ಲ, ನೆಗೆಟಿವ್ ಕಳೆದುಕೊಳ್ಳುವ ಭಯ ಗೊತ್ತಿದ್ದವರು.

ಕನ್ನಡದಲ್ಲಿ ಹೆಸರಿಡುವವರಿಗೆ ಮಾತ್ರ ಬರುವ ಒಂದು ತಾಪತ್ರಯವನ್ನು ಹೇಳದಿದ್ದರೆ ತೃಪ್ತಿಯಾಗದು. ಅಳಿಯ ತನ್ನ ಹಳೆಯ ಮ್ಯಾಕ್‌ನಿಂದ ಕೆಲವು ಫೋಲ್ಡರುಗಳನ್ನು ಏರಿಸಿದ್ದ. ನೋಡಿದರೆ ಒಂದೇ ಜಾಗದಲ್ಲಿ "ಕಾಸರಗೋಡು" ಎಂಬ ಎರಡು ಫೋಲ್ಡರು! ಅಕ್ಷರಕ್ಕೆ ಅಕ್ಷರ ಒಂದೇ. ಕಾರಣ "ಗೋ" ಅಕ್ಷರದ ಓಕಾರ. ಕಂಪ್ಯೂಟರಿನಲ್ಲಿ ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಅದನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಮೂರು ತುಂಡುಗಳಾಗಿ ಬಿಡಿಸಿಯೂ ಬರೆಯಬಹುದು. ಹಳೆಯ ಮ್ಯಾಕ್‌ಗಳು ಬಿಡಿಸಿ ಬರೆಯುತ್ತವೆ, ವಿಂಡೋಸ್ ನಾವು ಒತ್ತಿದ್ದನ್ನು ಹಾಗೆಯೇ ಇಡುತ್ತದೆ. ನಮ್ಮ ಕಣ್ಣಿಗೆ ಒಂದೇ, ಯಂತ್ರಕ್ಕೆ ಒಂದು 24 ಬೈಟು, ಇನ್ನೊಂದು 30. 1956ರ ನವೆಂಬರ್ 1ರಂದು ಕಾಸರಗೋಡನ್ನು ಕೇರಳದ ಕಡೆ ಹಾಕಿದ ಗೀಟಿನ ಬಗ್ಗೆ ನಮ್ಮ ಹಿರಿಯರು ಕೊನೆಯವರೆಗೂ ವಾದಿಸಿದರು. ನನ್ನ ಪಾಲಿಗೆ ಬಂದದ್ದು ಈ ಗೀಟು. ಆರ್‌ಕ್ಲೋನ್ ಹೋಲಿಸುವಾಗ ಎರಡನ್ನೂ ಒಂದೇ ಎಂದು ಹಿಡಿಯುತ್ತದೆ, ಎಲ್ಲ ತಂತ್ರಾಂಶಗಳಿಗೂ ಆ ಬುದ್ಧಿ ಇಲ್ಲ. ಇನ್ನೊಂದು ವಿಷಯ. ವಿಂಡೋಸಿನ ಬದಲು ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ನಡೆಯುವ ಗೋದಾಮುಗಳಲ್ಲಿ ಸಾಮಾನ್ಯವಾಗಿ ಫೈಲಿನ ಹೆಸರು 255 ಬೈಟು ದಾಟುವಂತಿಲ್ಲ. ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟು, "ಶ್ರೀ" ಒಂದಕ್ಕೇ ಹನ್ನೆರಡು. ನಮ್ಮ ಸಮಿತಿಗಳ ಹೆಸರುಗಳ ಉದ್ದ ನಿಮಗೆ ಗೊತ್ತೇ ಇದೆ. ನಾನು ಈಗ ಫೈಲಿಗೆ ಇಸವಿ ಮತ್ತು ಸಂಖ್ಯೆ ಮಾತ್ರ ಕೊಟ್ಟು, ಉಳಿದದ್ದನ್ನು ಒಂದು ಪಟ್ಟಿಯಲ್ಲಿ ಬರೆಯುತ್ತೇನೆ.

ದೊಡ್ಡವರು ಎಡವುವುದಿಲ್ಲ ಎಂದೇನಿಲ್ಲ. 2017ರ ಜನವರಿ 31ರಂದು ತಂತ್ರಾಂಶ ಬರೆಯುವವರ ಕಡತಗಳನ್ನು ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ತಪ್ಪು ಯಂತ್ರದಲ್ಲಿ ದತ್ತಸಂಚಯವನ್ನು ಅಳಿಸಿದರು. ಬ್ಯಾಕಪ್ಪಿಗೆ ಐದು ಬಗೆಯ ವ್ಯವಸ್ಥೆ ಇತ್ತು. ಒಂದೂ ನಂಬುವಂತಿರಲಿಲ್ಲ. ಕ್ಲೌಡಿಗೆ ಹೋಗಬೇಕಿದ್ದದ್ದು ಬಹುದಿನಗಳಿಂದ ವಿಫಲವಾಗುತ್ತಿತ್ತು, ವಿಫಲವಾಯಿತು ಎಂದು ತಿಳಿಸುವ ಮಿಂಚಂಚೆಗಳೂ ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಇದನ್ನು ಅವರೇ ಮುಚ್ಚುಮರೆಯಿಲ್ಲದೆ ಜಗತ್ತಿಗೆ ಹೇಳಿಕೊಂಡರು, ಅದಕ್ಕೆ ನನ್ನ ನಮಸ್ಕಾರ. ಓದಿದ ಮೇಲೆ ನಾನೊಂದು ವ್ರತ ಹಿಡಿದೆ. ಪ್ರತಿ ತಿಂಗಳ ಸಂಕ್ರಮಣದಂದು, ಅಂಗಡಿ ತೆರೆಯುವ ಮೊದಲು, ಕಣ್ಣುಮುಚ್ಚಿ ಪಟ್ಟಿಯ ಮೇಲೆ ಬೆರಳಿಟ್ಟು ಒಂದು ಕ್ಯಾಸೆಟ್ಟನ್ನು ಗೋದಾಮಿನಿಂದ ಹಿಂದಕ್ಕೆ ತರಿಸುತ್ತೇನೆ, ಐದು ನಿಮಿಷ ಕೇಳುತ್ತೇನೆ.

ಮಾಷ್ಟ್ರ ಪೆನ್‌ಡ್ರೈವಿಗೆ ಬರುತ್ತೇನೆ. ನಮ್ಮ ಗಡಿನಾಡಿನ ಸಂಘ, ಗ್ರಂಥಾಲಯ, ಶಾಲೆಗಳ ಕಾಗದಪತ್ರಗಳೆಲ್ಲ ಈಗ ಯಾರೋ ಒಬ್ಬ ಕಾರ್ಯದರ್ಶಿಯ ಖಾಸಗಿ ಖಾತೆಯಲ್ಲಿವೆ. ಅವರ ಅವಧಿ ಮುಗಿಯುತ್ತದೆ, ಫೋನು ಬದಲಾಗುತ್ತದೆ, ಪಾಸ್‌ವರ್ಡ್ ಮರೆಯುತ್ತದೆ. ಎರಡು ವರ್ಷ ಬಳಸದ ಖಾಸಗಿ ಖಾತೆಗಳನ್ನು ಅಳಿಸುವ ಹಕ್ಕನ್ನು ಗೂಗಲ್ 2023ರ ಡಿಸೆಂಬರಿನಿಂದ ಇಟ್ಟುಕೊಂಡಿದೆ. ನಮ್ಮ ಕನ್ನಡದ ಕಡತಗಳನ್ನು ತಿರುವನಂತಪುರವೋ ಬೆಂಗಳೂರೋ ಕಾಯುತ್ತದೆ ಎಂದು ನಾನಂತೂ ನಂಬಿ ಕುಳಿತಿಲ್ಲ. ಸಂಘದ ಹೆಸರಿನಲ್ಲಿಯೇ ಒಂದು ಬಾಡಿಗೆ ಜಾಗ, ಅದರ ಬೀಗದ ಕೈ ಇಬ್ಬರ ಬಳಿ, ತಿಂಗಳಿಗೊಮ್ಮೆ ಕಿವಿಗೊಟ್ಟು ನೋಡುವ ಒಬ್ಬರು. ವಾರ್ಷಿಕೋತ್ಸವದ ಒಂದು ಫ್ಲೆಕ್ಸಿನ ಖರ್ಚೂ ಇದಕ್ಕೆ ತಗಲದು. ಫ್ಲೆಕ್ಸ್ ಮಾಡಿಕೊಡುವವನೇ ಹೇಳುತ್ತಿದ್ದೇನೆ, ನಂಬಿ.

ಮಾಷ್ಟ್ರಿಗೆ ಈ ಸಂಕ್ರಮಣಕ್ಕೆ ಬರಲು ಹೇಳಿದ್ದೇನೆ. ಅವರದೇ ಫೋಟೋ ಒಂದನ್ನು ಮೇಲಿನಿಂದ ಇಳಿಸಿ ತೋರಿಸಿದ ಮೇಲೆಯೇ ಪೆನ್‌ಡ್ರೈವ್ ವಾಪಸು.

ಇನ್ನು, ಬಾರದೇ ಹೋದ ಆ ಎರಡು ಕ್ಯಾಸೆಟ್‌ಗಳು. ಅಪ್ಪನ ಪಟ್ಟಿಯಲ್ಲಿ ಹೀಗಿದೆ: "1984, ಆಟಿ ತಿಂಗಳು, ನೀರ್ಚಾಲು, ಮನೆಯಂಗಳ. ಎರಡು ಸಿ-90. ಮಳೆಯ ಸದ್ದು ಜಾಸ್ತಿ." ಕಾಸರಗೋಡು ಜಿಲ್ಲೆಯಾದ ವರ್ಷ ಅದು. ಆ ರಾತ್ರಿ ಇನ್ನೂ ಒಂದು ಟೇಪ್ ರೆಕಾರ್ಡರ್ ಇತ್ತು, ಮುಳ್ಳೇರಿಯ ಕಡೆಯವರದ್ದು ಎಂದು ಅಪ್ಪ ಹೇಳುತ್ತಿದ್ದ ನೆನಪು. ಯಾರ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ಟೇಪನ್ನು ತಿರುಗಿಸಲು ಹೋಗಬೇಡಿ, ಹಾಗೆಯೇ ಇಡಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.