ಗಣಿತ ಕಲಿತು ಏನು ಮಾಡೋದು ಅನ್ನುವವರಿಗೆ

ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದಾಗಲೆಲ್ಲ ವಾಟ್ಸಾಪ್‌ನಲ್ಲಿ ಒಂದು ಜೋಕು ಓಡಾಡುತ್ತದೆ. ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಕಲಿತೆವು, ಇವತ್ತಿನವರೆಗೂ ಯಾವ ತರಕಾರಿ ಅಂಗಡಿಯವನೂ ಕೇಳಲಿಲ್ಲ ಅಂತ. ನಗು ಬರುತ್ತದೆ, ಸರಿ. ಆದರೆ ಮಕ್ಕಳ ಮುಂದೆಯೇ ಇದನ್ನು ಹೇಳಿ ನಗುವ ಅಪ್ಪ ಅಮ್ಮಂದಿರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

2024ರ ಬೇಸಿಗೆ ನೆನಪಿದೆ ಅಲ್ವಾ? ಬೋರ್‌ವೆಲ್‌ಗಳು ಬತ್ತಿ ಬೆಂಗಳೂರಿನ ಎಷ್ಟೋ ಏರಿಯಾಗಳು ಟ್ಯಾಂಕರ್ ನಂಬಿ ಕೂತಿದ್ದವು. ನಮ್ಮ ಬಿಲ್ಡಿಂಗ್‌ಗೂ ಆರು ಸಾವಿರ ಲೀಟರಿನ ಟ್ಯಾಂಕರ್ ಬರುತ್ತಿತ್ತು. ಕೆಳಗಿನ ಮನೆ ಆಂಟಿ ಒಂದು ದಿನ ನೀರು ಬಿಡುವ ಮೊದಲು ಒಮ್ಮೆ, ಬಿಟ್ಟ ಮೇಲೆ ಒಮ್ಮೆ ಸಂಪಿನೊಳಗೆ ಕೋಲು ಇಳಿಸಿ ನೋಡಿದರು. ಸಂಪು ಎಂಟಡಿ ಉದ್ದ, ಆರಡಿ ಅಗಲ. ಒಂದು ಘನ ಅಡಿಗೆ 28.3 ಲೀಟರ್. ಅಂದರೆ ನೀರು ಒಂದಡಿ ಏರಿದರೆ ಸುಮಾರು 1,360 ಲೀಟರ್. ಆರು ಸಾವಿರಕ್ಕೆ ಹತ್ತಿರ ಹತ್ತಿರ ನಾಲ್ಕೂವರೆ ಅಡಿ ಏರಬೇಕು. ಏರಿದ್ದು ಮೂರೂಮುಕ್ಕಾಲು.

"ಏನಪ್ಪಾ, ಐದು ಸಾವಿರದ ಮೇಲೆ ನೂರು ಲೀಟರ್ ಬಂದಿದ್ರೆ ಹೆಚ್ಚು. ದುಡ್ಡು ಮಾತ್ರ ಆರಕ್ಕೆ ಕೇಳ್ತೀಯಲ್ಲ?"

ಡ್ರೈವರ್ ಕೋಲನ್ನೇ ನೋಡಿದ. ಆಮೇಲೆ ಓನರ್‌ಗೆ ಫೋನ್ ಮಾಡಿದ.

ಫೋನಲ್ಲೇ ಕ್ಯಾಲ್ಕುಲೇಟರ್ ಇದೆಯಲ್ಲ ಅಂತೀರಾ? ಆಂಟಿಯೂ ಗುಣಿಸಿದ್ದು ಅದರಲ್ಲೇ. ಆದರೆ ಯಾವುದನ್ನು ಯಾವುದರಿಂದ ಗುಣಿಸಬೇಕು ಅಂತ ಫೋನಿಗೆ ನಾವೇ ಹೇಳಬೇಕು. ಅದಕ್ಕಿಂತ ಮೊದಲು, ಇದನ್ನು ಅಳೆಯಬಹುದು ಅಂತ ನಮಗೆ ಹೊಳೆಯಬೇಕು.

ಬೈಕ್ ಸಾಲ ತೆಗೆದುಕೊಳ್ಳಿ. "ಫ್ಲ್ಯಾಟ್ ರೇಟ್, ಹತ್ತೇ ಪರ್ಸೆಂಟ್ ಸಾರ್" ಅಂತಾರೆ. ಒಂದು ಲಕ್ಷ ಸಾಲ, ಮೂರು ವರ್ಷ, ಬಡ್ಡಿ ಮೂವತ್ತು ಸಾವಿರ, ತಿಂಗಳ ಕಂತು 3,611. ಲೆಕ್ಕ ಸರಿಯಾಗೇ ಕಾಣುತ್ತದೆ. ಆದರೆ ನಾವು ಪ್ರತಿ ತಿಂಗಳು ಅಸಲನ್ನೂ ತೀರಿಸುತ್ತಾ ಇರುತ್ತೇವೆ. ಕೊನೆಯ ವರ್ಷ ನಮ್ಮ ಹತ್ತಿರ ಉಳಿದಿರುವುದು ಅವರ ದುಡ್ಡಿನ ಅರ್ಧಕ್ಕಿಂತ ಕಡಿಮೆ. ಬಡ್ಡಿ ಮಾತ್ರ ಪೂರ್ತಿ ಲಕ್ಷಕ್ಕೆ! ಉಳಿದ ಅಸಲಿಗಷ್ಟೇ ಬಡ್ಡಿ ಹಾಕಿ ನೋಡಿದರೆ ಇದು ವರ್ಷಕ್ಕೆ 18 ಪರ್ಸೆಂಟ್ ಹತ್ತಿರ ಬರುತ್ತದೆ. ಯಾರೂ ಸುಳ್ಳು ಹೇಳಲಿಲ್ಲ, ನೋಡಿ. ನಾವು ಕೇಳಲಿಲ್ಲ ಅಷ್ಟೇ.

ಅಂದಹಾಗೆ, ಆ ಹೋಲ್ ಸ್ಕ್ವೇರ್ ಕೂತಿರುವುದು ಚಕ್ರಬಡ್ಡಿಯಲ್ಲೇ. ಎ ಅಂದರೆ 1, ಬಿ ಅಂದರೆ 0.1 ಅಂತಿಟ್ಟುಕೊಳ್ಳಿ. ನೂರು ರೂಪಾಯಿಯನ್ನು ಹತ್ತು ಪರ್ಸೆಂಟ್‌ಗೆ ಎರಡು ವರ್ಷ ಬಿಟ್ಟರೆ ಬಡ್ಡಿ ಇಪ್ಪತ್ತಲ್ಲ, ಇಪ್ಪತ್ತೊಂದು ಆಗುತ್ತದೆ. ಜಾಸ್ತಿಯಾದ ಆ ಒಂದು, ಬಡ್ಡಿ ಮೇಲಿನ ಬಡ್ಡಿ, ಅದೇ ಬಿ ಸ್ಕ್ವೇರ್. "50% ಜೊತೆಗೆ ಇನ್ನೂ 20% ಆಫ್" ಅಂದರೆ ಎಪ್ಪತ್ತಲ್ಲ, ಅರವತ್ತೇ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಂತ ನಾವು ಕಲಿಸುವ ರೀತಿ ಚೆನ್ನಾಗಿದೆ ಅಂತ ಹೇಳುತ್ತಿಲ್ಲ. ಘನಫಲದ ಪಾಠದಲ್ಲಿ ಮಕ್ಕಳು ಪುಸ್ತಕದ ಗೋಳ, ಶಂಕುಗಳ ಲೆಕ್ಕ ಮಾಡುತ್ತಾ ಕೂರುತ್ತಾರೆ. ಸುಮ್ನೆ ಒಂದು ಟೇಪು ಕೊಟ್ಟು ತಾರಸಿಗೆ ಕಳಿಸಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಥರ್ಟಿ ಫಾರ್ಟಿ ಸೈಟಿನಷ್ಟು ತಾರಸಿ ಅಂದರೆ 111 ಚದರ ಮೀಟರ್. ಸಂಜೆ 20 ಮಿಲಿಮೀಟರ್ ಮಳೆ ಬಂದರೆ ಸುಮಾರು 2,200 ಲೀಟರ್. ಅದರಲ್ಲಿ ಎಷ್ಟು ಸಂಪಿಗೆ ಹೋಯಿತು, ಎಷ್ಟು ಮೋರಿಗೆ ಹೋಯಿತು ಅಂತ ಅವರೇ ಲೆಕ್ಕ ಹಾಕಿ ಹೇಳಲಿ.