ಓದಲು ಬಿಡುವಿಲ್ಲದ ಖಾತೆ

ಯಾವ ದೇಶದ ಸಂಪುಟವಾದರೂ ಸರಿ, ಖಾತೆ ಹಂಚಿಕೆಯ ರಾತ್ರಿ ನಡೆಯುವುದು ಒಂದೇ ನಾಟಕ. ಹಣಕಾಸಿಗೆ ಜಗಳ, ಗೃಹಕ್ಕೆ ಹಟ, ರಕ್ಷಣೆಗೆ ಲಾಬಿ. ಎಲ್ಲ ಮುಗಿದ ಮೇಲೆ ಮೇಜಿನ ಮೇಲೆ ಒಂದು ಕಡತ ಉಳಿದಿರುತ್ತದೆ, ಬಾಗಿಲ ಬಳಿ ಮುಖ ಊದಿಸಿಕೊಂಡ ಒಬ್ಬರು ಉಳಿದಿರುತ್ತಾರೆ. ಅವರಿಗೆ ಅದು, ಅದಕ್ಕೆ ಅವರು. ಕಲೆ ಮತ್ತು ಸಂಸ್ಕೃತಿ ಸಚಿವರು ಹುಟ್ಟುವುದು ಹೀಗೆ.

ಮೊದಲು ಹೀಗಿರಲಿಲ್ಲ ಅನ್ನುತ್ತಾರೆ. 1959ರಲ್ಲಿ ಫ್ರಾನ್ಸ್ ಈ ಖಾತೆ ತೆರೆದಾಗ ಅಧ್ಯಕ್ಷ ದ ಗಾಲ್ ಅದನ್ನು ಕೊಟ್ಟದ್ದು ಕಾದಂಬರಿಕಾರ ಆಂದ್ರೆ ಮಾಲ್ರೋಗೆ. 2014ರ ಹೊತ್ತಿಗೆ ಅದೇ ಕುರ್ಚಿಯಲ್ಲಿ ಫ್ಲರ್ ಪೆಲೆರಿನ್ ಕೂತಿದ್ದರು. ಆ ವರ್ಷ ಫ್ರೆಂಚ್ ಲೇಖಕ ಪಾಟ್ರಿಕ್ ಮೊಡಿಯಾನೊಗೆ ನೊಬೆಲ್ ಬಂತು. ಸಚಿವೆ ಲೇಖಕರ ಜೊತೆ ಕೂತು ಊಟವನ್ನೂ ಮಾಡಿಬಂದರು. ಅವರ ಯಾವ ಪುಸ್ತಕ ನಿಮಗಿಷ್ಟ ಎಂದು ಟಿವಿಯವರು ಕೇಳಿದರೆ ಒಂದು ಹೆಸರೂ ಬಾಯಿಗೆ ಬರಲಿಲ್ಲ. ಎರಡು ವರ್ಷದಿಂದ ಓದಲು ಪುರುಸೊತ್ತೇ ಆಗಿಲ್ಲ, ಟಿಪ್ಪಣಿ, ಕಾನೂನು, ಸುದ್ದಿ ಇಷ್ಟನ್ನೇ ಓದುತ್ತಿದ್ದೇನೆ ಎಂದು ಒಪ್ಪಿಕೊಂಡರು. ಜನ ನಕ್ಕರು. ನನಗೆ ಮಾತ್ರ ಪಾಪ ಅನ್ನಿಸಿತು. ಸಂಸ್ಕೃತಿಯ ಆಡಳಿತ ಮಾಡುವುದೋ, ಅದನ್ನು ಓದುತ್ತಾ ಕೂರುವುದೋ?

ಇಟಲಿಯ ಸಂಸ್ಕೃತಿ ಸಚಿವರಾಗಿದ್ದ ಜೆನ್ನಾರೊ ಸಾಂಜುಲಿಯಾನೊ ಅಷ್ಟು ಸುಲಭಕ್ಕೆ ಸಿಕ್ಕಿಬೀಳುವವರಲ್ಲ. ಪತ್ರಕರ್ತರು, ಪುಟಿನ್, ಟ್ರಂಪ್ ಮುಂತಾದವರ ಜೀವನಚರಿತ್ರೆ ಬರೆದವರು. 2023ರ ಜುಲೈನಲ್ಲಿ ಆ ದೇಶದ ಹೆಸರಾಂತ ಸ್ಟ್ರೇಗಾ ಸಾಹಿತ್ಯ ಪ್ರಶಸ್ತಿಯ ಸಮಾರಂಭಕ್ಕೆ ಬಂದರು. ಸ್ಪರ್ಧೆಯಲ್ಲಿದ್ದ ಪುಸ್ತಕಗಳ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ, ಇವನ್ನು ಓದಲು ಪ್ರಯತ್ನಿಸುತ್ತೇನೆ ಎಂದುಬಿಟ್ಟರು. ಸಭೆ ಒಂದು ಕ್ಷಣ ತಡೆಯಿತು. ಏಕೆಂದರೆ ಸಚಿವರು ತೀರ್ಪುಗಾರರ ಸಾಲಿನಲ್ಲಿದ್ದವರು, ಓಟನ್ನೂ ಹಾಕಿ ಆಗಿತ್ತು. ಹಾಗಾದರೆ ಓದಿಲ್ಲವೇ ಎಂದು ನಿರೂಪಕಿ ಕೇಳಿದ್ದೇ ತಡ, ಓಟು ಹಾಕಿದ್ದೇನೆಂದ ಮೇಲೆ ಓದಿದ್ದೇನೆ, ಇನ್ನಷ್ಟು ಆಳಕ್ಕೆ ಇಳಿಯಬೇಕು ಅಂತ ಅಷ್ಟೆ, ಎಂದು ಸಮಜಾಯಿಷಿ ಬಂತು. ಮುಖಪುಟ ದಾಟಿ ಒಳಗೆ ಹೋಗುವ ಆಸೆಯೇ ಎಂದು ಆಕೆ ಅಲ್ಲೇ ಚುಚ್ಚಿದರು.

ಮುಂದಿನ ವರ್ಷ ಇದೇ ಸಚಿವರು ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರನ್ನು ಮಾತಿನಲ್ಲೇ ಲಂಡನ್ನಿಗೆ ಸಾಗಿಸಿದರು. ಕೊಲಂಬಸ್ ಹಡಗು ಹತ್ತಿದ್ದು ಗೆಲಿಲಿಯೋ ಸಿದ್ಧಾಂತ ನಂಬಿಕೊಂಡು ಎಂದೂ ಹೇಳಿದರು. ಹಡಗು ಹೊರಟದ್ದು 1492ರಲ್ಲಿ, ಗೆಲಿಲಿಯೋ ಹುಟ್ಟಿದ್ದು 1564ರಲ್ಲಿ. 2024ರ ಸೆಪ್ಟೆಂಬರಿನಲ್ಲಿ ರಾಜೀನಾಮೆಯೂ ಬಂತು, ಆದರೆ ಆ ಹಗರಣವೇ ಬೇರೆ. ಪುಸ್ತಕ ಓದಲಿಲ್ಲವೆಂದು ಯಾರೂ ಕುರ್ಚಿ ಕಳೆದುಕೊಳ್ಳುವುದಿಲ್ಲ, ಹೆದರಬೇಡಿ.

ಬ್ರಿಟನ್ನಿನದು ಇನ್ನೂ ಜಾಣ ದಾರಿ. 2010ರಿಂದ 2024ರ ಚುನಾವಣೆಯವರೆಗಿನ 14 ವರ್ಷದಲ್ಲಿ 12 ಮಂದಿ ಈ ಖಾತೆಯಲ್ಲಿ ಕೂತು ಎದ್ದರು. ಒಬ್ಬರು ಆರೇ ತಿಂಗಳು. ಓದಿದ್ದೀರಾ ಎಂದು ಕೇಳುವಷ್ಟರಲ್ಲಿ ಉತ್ತರಿಸಬೇಕಾದವರೇ ಬದಲಾಗಿರುತ್ತಾರೆ.

ಕಲಾವಿದರನ್ನೇ ಸಚಿವರನ್ನಾಗಿ ಮಾಡಿದರೆ? ಬ್ರೆಜಿಲ್ ಆ ಸಾಹಸವನ್ನೂ ಮಾಡಿತು. ಗಾಯಕ ಜಿಲ್ಬರ್ಟೊ ಜಿಲ್ 2003ರಲ್ಲಿ ಸಚಿವರಾದರು. ಅದೇ ವರ್ಷ ವಿಶ್ವಸಂಸ್ಥೆಯ ಸಭಾಂಗಣದಲ್ಲಿ ಗಿಟಾರ್ ಹಿಡಿದು ಹಾಡಿದರು, ಮಹಾಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನರನ್ನೂ ಡ್ರಮ್ ಬಾರಿಸಲು ಕೂರಿಸಿಕೊಂಡರು. ಇಂಥ ಶಿಸ್ತುಭಂಗ ಎಷ್ಟು ದಿನ ನಡೆದೀತು? 2019ರಲ್ಲಿ ಅಧ್ಯಕ್ಷರಾಗಿ ಬೊಲ್ಸೊನಾರೊ ಬಂದವರೇ ಸಚಿವಾಲಯವನ್ನೇ ಮುಚ್ಚಿದರು, ಸಂಸ್ಕೃತಿ ಕೊನೆಗೆ ಪ್ರವಾಸೋದ್ಯಮ ಇಲಾಖೆಯ ಮೂಲೆಗೆ ಬಂದು ಬಿತ್ತು. 2023ರಲ್ಲಿ ಮತ್ತೆ ಬಾಗಿಲು ತೆರೆಯಿತು.

ಆದರೆ ಆಸ್ಟ್ರೇಲಿಯಾದ ಲೆಕ್ಕಾಚಾರಕ್ಕೆ ನಾನು ಶರಣು. 2020ರ ಫೆಬ್ರವರಿಯಲ್ಲಿ ಕಲೆಯನ್ನು ಒಯ್ದು ರಸ್ತೆ, ರೈಲು, ವಿಮಾನಗಳ ಇಲಾಖೆಯೊಳಗೆ ಸೇರಿಸಿದರು. ಹೊಸ ನಾಮಫಲಕದಲ್ಲಿ ಮೂಲಸೌಕರ್ಯ, ಸಾರಿಗೆ, ಪ್ರಾದೇಶಿಕ ಅಭಿವೃದ್ಧಿ, ಸಂವಹನ ಎಲ್ಲ ಇತ್ತು, ಕಲೆ ಎಂಬ ಪದವೊಂದು ಇರಲಿಲ್ಲ. ಚಿತ್ರಕಾರನೊಬ್ಬ ಅರ್ಜಿ ಹಿಡಿದು ಬಂದರೆ ಸೇತುವೆಗೆ ಬಣ್ಣ ಬಳಿಯುವ ಗುತ್ತಿಗೆದಾರನೆಂದು ಕೂರಿಸಿಕೊಳ್ಳುತ್ತಿದ್ದರೇನೋ. ಗಲಾಟೆಯಾಯಿತು. 2022ರಲ್ಲಿ ಸರ್ಕಾರ ಬದಲಾದ ಮೇಲೆ ಫಲಕದ ತುದಿಯಲ್ಲಿ ‘ಮತ್ತು ಕಲೆ’ ಎಂದು ಸೇರಿಸಿದರು. 2025ರಲ್ಲಿ ಕ್ರೀಡೆಯೂ ಬಂದು ಸೇರಿತು. ಬಂದದ್ದು ತಡವಾಗಿಯಾದರೂ ಅದಕ್ಕೆ ಕಲೆಯ ಮುಂದೆಯೇ ಜಾಗ ಸಿಕ್ಕಿದೆ.